ಹೊಗೆ ಹೋದ ಕೆಂಡ

ನಾಗಪುರದಲ್ಲಿ ನಾವಿದ್ದ ರೈಲ್ವೆ ವಸತಿಯಲ್ಲಿ ಬಿಳಿ ಸೀರೆ ಉಡುವ ಧೈರ್ಯ ಯಾರೂ ಮಾಡುತ್ತಿರಲಿಲ್ಲ. ಎಂಜಿನ್ ಶೆಡ್ಡು ಅರ್ಧ ಮೈಲಿಯೂ ದೂರವಿರಲಿಲ್ಲ. ಅಲ್ಲಿಂದ ಹಗಲೆಲ್ಲ ಮಸಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ, ಹಪ್ಪಳದ ಮೇಲೆ, ನಮ್ಮ ಮೂಗಿನೊಳಗೆ ಕೂರುತ್ತಿತ್ತು. ಅಪರೂಪಕ್ಕೆ ಸಿವಿಲ್ ಲೈನ್ಸ್ ಕಡೆ ಹೋದರೆ ಅಲ್ಲಿನ ಬಂಗಲೆಗಳ ಮರಗಳು ವರ್ಷವಿಡೀ ಹಸಿರಾಗಿರುವುದನ್ನು ಕಂಡು ನನಗೆ ಸಿಟ್ಟು ಬರುತ್ತಿತ್ತು. ನಮ್ಮ ಅಂಗಳದ ಬೇವಿನ ಮರ ಮಳೆ ಬಂದಾಗ ಮಾತ್ರ ಹಸಿರು.

ಅಪ್ಪ ಎಂಜಿನ್ನಿನಲ್ಲಿ ಫೈರ್‌ಮನ್. ಗದಗಿನ ಕಡೆಯಿಂದ ವರ್ಗವಾಗಿ ಬಂದವನು. ಸಲಿಕೆಯಿಂದ ಕಲ್ಲಿದ್ದಲನ್ನು ಎಂಜಿನ್ನಿನ ಬೆಂಕಿಗೆ ಎತ್ತಿ ಹಾಕುವುದು ಅವನ ಕೆಲಸ. ಅದೇ ಕಲ್ಲಿದ್ದಲಿನಲ್ಲಿ ಅನ್ನ ಬೇಯಿಸುವುದು ನಮ್ಮದು. ಊರಲ್ಲಿ ನಾವು ಕಟ್ಟಿಗೆ, ಸಗಣಿಯ ಕುಳ್ಳು ಉರಿಸುತ್ತಿದ್ದವರು. ಇಲ್ಲಿ ಕಲ್ಲಿದ್ದಲು ಗೋಣಿಚೀಲದಲ್ಲಿ ಬಾಗಿಲಿಗೇ ಬರುತ್ತಿತ್ತು. ಕುಳಿತಲ್ಲಿಗೇ ಬಂದದ್ದನ್ನು ಬಿಟ್ಟು ಕಟ್ಟಿಗೆ ಹುಡುಕಿಕೊಂಡು ಹೋಗಲು ನಮಗೇನು ಹುಚ್ಚೇ? ವರ್ಷದೊಳಗೆ ಕಟ್ಟಿಗೆ ಒಡೆಯುವ ಕೊಡಲಿ ತುಕ್ಕು ಹಿಡಿಯಿತು.

ಶೆಗಡಿ ಹೊತ್ತಿಸುವುದು ನನ್ನ ಪಾಲಿನ ಕೆಲಸ. ಶೆಗಡಿ ಎಂದರೆ ಬಕೀಟಿನಷ್ಟು ದೊಡ್ಡ ಕಬ್ಬಿಣದ ಒಲೆ. ಅಂಗಳದಲ್ಲಿಟ್ಟು, ಅಡಿಗೆ ಕುಳ್ಳಿನ ಚೂರು, ಮೇಲೆ ಕಲ್ಲಿದ್ದಲು ಹಾಕಿ, ತುಸು ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಬೇಕು. ಮೊದಲ ಅರ್ಧ ತಾಸು ಹಳದಿ ಹೊಗೆ ಎದ್ದು ಕಣ್ಣು, ಗಂಟಲು ಎಲ್ಲ ಉರಿಯುತ್ತಿತ್ತು. ಆಮೇಲೆ ಹೊಗೆ ಹೋಗಿ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಆಗ ಒಳಗೊಯ್ಯಬೇಕು. ಹೊಗೆ ಹೋಯಿತೆಂದರೆ ಅದರ ಕೆಡುಕೆಲ್ಲ ಹೋಯಿತು ಎಂದೇ ಇಡೀ ವಸತಿ ನಂಬಿತ್ತು. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತಾರೆ. ಹೊಗೆಯೇ ಇಲ್ಲದ ಬೆಂಕಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮಲ್ಲಿ ಗಾದೆ ಇರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ, ಚಳಿಗಾಲದಲ್ಲಿ, ತಮ್ಮ ಹುಟ್ಟಿದ. ಬಾಣಂತನಕ್ಕೆಂದು ಅವ್ವನ ತಾಯಿ, ನನ್ನ ಅಜ್ಜಿ, ಗದಗಿನಿಂದ ರೈಲು ಹತ್ತಿ ಬಂದಳು. ಗಾಳಿಯ ಮೇಲೆ ಅಜ್ಜಿಗಿದ್ದ ಸಿಟ್ಟು ತನ್ನ ಸೊಸೆಯ ಮೇಲೂ ಇರಲಿಲ್ಲ. ಬಾಣಂತಿಗೆ ಗಾಳಿ ಸೋಕಿದರೆ ಮುಗಿಯಿತು ಎಂಬುದು ಅವಳ ಮಾತು. ಅವ್ವನಿಗೆ ಬಿಸಿನೀರು ಎರೆದು, ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಬಿಗಿದು, ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡವಿಟ್ಟು ಕದ ಮುಚ್ಚುತ್ತಿದ್ದಳು. ಬೆವರು ಇಳಿದರೆ ಮೈ ಗಟ್ಟಿ. ಅವಳು ಹೆತ್ತಾಗಲೂ ಹಾಗೇ, ಅವಳ ತಾಯಿ ಹೆತ್ತಾಗಲೂ ಹಾಗೇ ನಡೆದಿತ್ತು. ಆದರೆ ಊರಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಆಕಾಶ ಕಾಣುತ್ತಿತ್ತು, ಕೆಂಡವೂ ಎರಡು ಕುಳ್ಳಿನದು. ಇಲ್ಲಿ ನಾಲ್ಕು ಇಟ್ಟಿಗೆ ಗೋಡೆ, ಒಂದು ಕಿಟಕಿ, ಶೆಗಡಿ ತುಂಬ ಕಲ್ಲಿದ್ದಲು. ಕಿಟಕಿಯ ಸಂದಿಗೆ ಅಜ್ಜಿ ಅಪ್ಪನ ಹಳೆಯ ಡ್ಯೂಟಿ ಪ್ಯಾಂಟು ತುರುಕಿದ್ದಳು. ಅಪ್ಪ ಅದನ್ನು ಹುಡುಕಿ ಹುಡುಕಿ ಸುಮ್ಮನಾದ.

ನಾಲ್ಕನೆಯ ದಿನದಿಂದ ಅವ್ವನಿಗೆ ತಲೆನೋವು ಶುರುವಾಯಿತು. ಕದ ತೆಗೆದು ಎಬ್ಬಿಸಿದಾಗ ತಲೆ ತಿರುಗುತ್ತಿತ್ತು, ಒಮ್ಮೊಮ್ಮೆ ವಾಂತಿ.

"ಎಲ್ಲೋ ಗಾಳಿ ಹೊಕ್ಕೈತಿ," ಎಂದು ಅಜ್ಜಿ ಕದದ ಕೆಳಗಿನ ಸಂದಿಗೂ ಚಿಂದಿ ಸೇರಿಸಿದಳು. ತಲೆನೋವು ಹೆಚ್ಚಿತು, ಚಿಂದಿಯೂ ಹೆಚ್ಚಿತು. ಅವ್ವನ ಕೆನ್ನೆ ಮಾತ್ರ ಕೆಂಪಾಗಿತ್ತು. "ಮಾರಿ ನೋಡು, ಹೆಂಗ ಕೆಂಪಗಾಗೈತಿ. ಶಾಖ ಬರೋಬರ್ ಹತ್ತೈತಿ," ಎಂದು ಅಜ್ಜಿಗೆ ಸಂತೋಷ.

ಮಗುವಿಗೆ ಹೆಸರಿಡಲು ಇನ್ನೆರಡು ದಿನ ಇದ್ದಾಗ, ಬೆಳಿಗ್ಗೆ, ಅವ್ವನಿಗೆ ಎರೆದದ್ದಾದ ಮೇಲೆ ನಾನೇ ಶೆಗಡಿ ಒಳಗೊಯ್ದು ಹೊರಸಿನ ಕೆಳಗಿಟ್ಟೆ. ಅಜ್ಜಿ ಎಂದಿನಂತೆ ಮಗುವನ್ನು ಬಿಸಿಲು ಕಾಯಿಸಲು ಹಿತ್ತಿಲಿಗೆ ಎತ್ತಿಕೊಂಡು ಹೋದಳು. ಹೋಗುವಾಗ ನನ್ನನ್ನು ಕದದ ಹೊರಗೆ ಕೂರಿಸಿದಳು.

"ನಾ ಬರೂತನಕ ತೆಗೀಬ್ಯಾಡ. ಅಕಿ ಕರದ್ರೂ ತೆಗೀಬ್ಯಾಡ. ಸೆಕಿ ತಾಳದ ಎಲ್ಲಾ ಬಾಣಂತ್ಯಾರೂ ಕರೀತಾರ."

ನಾನು ಗಜ್ಜುಗ ಆಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ನನ್ನ ಹೆಸರು ಹಿಡಿದು ಕರೆದಳು. ಜೋರಾಗಿ ಅಲ್ಲ, ನೀರು ಕೇಳುವವರ ಹಾಗೆ. ನಾನು ಏಳಲಿಲ್ಲ. ದೊಡ್ಡವರನ್ನು ಕಾಯುವ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ನನಗೆ ಒಳಗೊಳಗೇ ಹೆಮ್ಮೆ. ಇನ್ನೊಮ್ಮೆ ಕರೆದಳು, ಈ ಸಲ ಹೆಸರು ಪೂರ್ತಿ ಬರಲಿಲ್ಲ. ಹೊರಸಿನ ಕಟ್ಟಿಗೆಗೆ ಬಳೆ ತಾಗಿದ ಸದ್ದಾಯಿತು. ಆಮೇಲೆ ಸುಮ್ಮನಾಯಿತು. ನಿದ್ದೆ ಹತ್ತಿತೆಂದು ನಾನು ಗಜ್ಜುಗ ಎತ್ತಿದೆ.

ಅಪ್ಪ ಡ್ಯೂಟಿ ಮುಗಿಸಿ ಬಂದ. ಕೈ ಇನ್ನೂ ಕಪ್ಪಾಗಿತ್ತು. "ಅವ್ವ ಎಲ್ಲಿ?" ಎಂದು ಕೇಳಿದ. "ಒಳಗ. ಶೆಗಡಿ ಇಟ್ಟು ಕದ ಹಾಕೀನಿ, ಗಾಳಿ ಹೋಗಂಗಿಲ್ಲ," ಎಂದೆ. ಅವನು ಕೆಳಗಿನ ಚಿಂದಿ ನೋಡಿದ. ಕದ ದೂಡಿ ಒಳನುಗ್ಗಿದ, ಕಂಬಳಿ ಸಮೇತ ಅವ್ವನನ್ನು ಎತ್ತಿ ತಂದು ಬೇವಿನ ಮರದ ಕೆಳಗೆ ಬರಿ ನೆಲದ ಮೇಲೆ ಮಲಗಿಸಿದ. ತಲೆಗೆ ಬಿಗಿದ ಬಟ್ಟೆ ಕಿತ್ತೆಸೆದ. ಅವಳ ತಲೆ ಹೇಗೆ ತಿರುಗಿಸಿದರೆ ಹಾಗೆ ವಾಲುತ್ತಿತ್ತು.

ಅಜ್ಜಿ ಓಡಿ ಬಂದಳು. "ಗಾಳಿ ಬಡೀತೈತೋ."

"ಬಡೀಲಿ," ಎಂದ ಅಪ್ಪ, ಅವ್ವನ ಕೆನ್ನೆ ತಟ್ಟುತ್ತ.

ಎಷ್ಟು ಹೊತ್ತಾಯಿತೋ ತಿಳಿಯದು. ಅವ್ವ ವಾಂತಿ ಮಾಡಿಕೊಂಡಳು, ಆಮೇಲೆ ಕಣ್ಣು ತೆರೆದಳು. ಅಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಡಾಕ್ಟರು ಬಂದು ನೋಡಿ, ಇನ್ನು ಅರ್ಧ ತಾಸು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು.

ಸಂಜೆ ಅಪ್ಪ ಅಜ್ಜಿಗೆ ಮೆಲ್ಲಗೆ ಹೇಳಿದ: "ಘಾಟಿನ ಗುಡ್ಡಾ ಕೊರದ ಬೋಗದೆದಾಗ ನಾವು ಒದ್ದಿ ಅರಬಿ ಮಾರಿಗೆ ಕಟ್ಕೋತೀವ್ರಿ. ಹೊಗಿ ಕಾಣತೈತಿ, ಅದಕ್ಕ ಅಂಜತೀವಿ. ಮಂದಿ ಬೀಳೂದು ಕಾಣದ ವಿಷಗಾಳಿಗೆ. ಕೆಂಡದಾಗ ಅದು ಇರತೈತಿ. ನನಗ ಗೊತ್ತಿತ್ತು. ಮನ್ಯಾಗ ನೆನಪಾಗಲಿಲ್ಲ." ಅಜ್ಜಿ ಎದ್ದು ಹೋಗಿ ಕಿಟಕಿಯಿಂದ ಪ್ಯಾಂಟು ಎಳೆದು, ಒಗೆದು, ಒಣಗಿಸಿ, ಮಡಚಿ ಅಪ್ಪ ಅಂಗಿ ತೂಗುಹಾಕುವ ಗೂಟದ ಕೆಳಗಿಟ್ಟಳು.

ಇಷ್ಟಾದ ಮೇಲೆ ಆ ಕಲ್ಲಿದ್ದಲನ್ನು ನಾವು ಬಿಟ್ಟೆವೇ? ಎಲ್ಲಿಯ ಮಾತು. ಮರುದಿನ ಹೊಟ್ಟೆಗೆ ಬೇಕಿತ್ತು, ಮನೆಯಲ್ಲಿ ಬೇರೆ ಉರುವಲಿರಲಿಲ್ಲ. ಅಪ್ಪನಿಗೂ ಅದೇ ಸಲಿಕೆ, ಅದೇ ಎಂಜಿನ್ನು. ನಾನು ಅಂಗಳದಲ್ಲಿ ಶೆಗಡಿ ಹೊತ್ತಿಸುತ್ತಿದ್ದೆ. ಅವ್ವ ತೆರೆದ ಬಾಗಿಲಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಹಳ ಹೊತ್ತು ನನ್ನನ್ನೇ ನೋಡಿದಳು.

"ನಿನ್ನೆ ನಾ ನಿನ್ನ ಕರದಿದ್ದೆ," ಎಂದಳು. "ಕೇಳಸಲಿಲ್ಲೇನ?"

"ಇಲ್ಲವ್ವ," ಎಂದೆ.

"ಹಂಗಾರ ನನ್ನ ದನೀನ ಹೊರಬಿದ್ದಿಲ್ಲ ಬಿಡು. ಕೇಳಿಸಿದ್ರ ನೀ ಬರ್ತಿದ್ದಿ," ಎಂದು ನನ್ನನ್ನು ಹತ್ತಿರ ಕರೆದು ಮುಖದ ಮಸಿ ಒರೆಸಿದಳು. ಬದುಕಿರುವ ತನಕ ಅವಳು ಅದನ್ನೇ ನಂಬಿದ್ದಳು.