ಸುಮನ್ ಸಿಸ್ಟರ್ ಮತ್ತು ನಾಲ್ಕು ಬಗೆಯ ಕೆಂಪು

ಸುಮನ್ ಸಿಸ್ಟರ್ ಅವರ ಕಾರನ್ನು ಎದುರಿನಿಂದ ನೋಡಿದವರು ಮೊದಲು ಕೇಳುತ್ತಿದ್ದ ಮಾತು ಒಂದೇ: "ಇದಕ್ಕೇನಾಗ್ಯಾದರಿ?" ಬಾನೆಟ್ಟು ಒಂದು, ಅದರ ಮೇಲಿನ ಕೆಂಪು ಮಾತ್ರ ನಾಲ್ಕು ಬಗೆ. ಗಾಜಿನ ಹತ್ತಿರ ಎಡಕ್ಕೆ ಟೊಮ್ಯಾಟೊ ಹಣ್ಣಿನ ಕೆಂಪು, ಬಲಕ್ಕೆ ಕುಂಕುಮದ ಕೆಂಪು. ಮುಂದಿನ ಎರಡರಲ್ಲಿ ಒಂದು ಸ್ವಲ್ಪ ಮಂಕು. ಇನ್ನೊಂದಂತೂ ಒಗೆದೊಗೆದು ಹಳತಾದ ಲಂಗದ ಹಾಗೆ ಪೂರ್ತಿ ಬಿಳಿಚಿಕೊಂಡಿತ್ತು. ನಡುವೆ ಬಿಳಿ ಟೇಪಿನ ಗೆರೆಗಳು. ಆಸ್ಪತ್ರೆಯಲ್ಲಿ ಸಲಾಯನ್ ಸೂಜಿ ಕದಲದಂತೆ ಕೈಗೆ ಅಂಟಿಸುತ್ತಾರಲ್ಲ, ಅದೇ ಟೇಪು. "ಸರಕಾರದ್ದಲ್ಲರಿ ಮತ್ತ, ಅಂಗಡಿಯಾಗ ಕೊಂಡು ತಂದೀನಿ" ಎಂದು ಸಿಸ್ಟರ್ ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು.

ಏನಾಗಿದೆ ಎಂದು ಕೇಳಿದವರು ಸಿಕ್ಕಿಬಿದ್ದಂತೆಯೇ. "ಏನೂ ಆಗಿಲ್ಲರಿ, ಪರೀಕ್ಷಾ ನಡದದ. ಬರ್ರಿ, ನೀವೇ ಕೈ ಆಡಿಸಿ ಯಾವುದು ನುಣ್ಣಗದ ಹೇಳ್ರಿ" ಎಂದು ಅವರ ಕೈ ಹಿಡಿದು ಬಾನೆಟ್ಟಿನ ಮೇಲೆ ಇಡುತ್ತಿದ್ದರು. ಸಂತಪುರದ ಚಹಾದಂಗಡಿಯವ, ರೋಗಿಯನ್ನು ನೋಡಲು ಬಂದ ಬೀಗರು, ಕೈ ಅಡ್ಡ ಹಾಕಿ ಕಾಗದ ಕೇಳಿದ ಪೊಲೀಸು, ಯಾರೂ ತಪ್ಪಿಸಿಕೊಂಡವರಿಲ್ಲ. ಆ ಪೊಲೀಸಪ್ಪ ನಾಲ್ಕೂ ಕಡೆ ಗಂಭೀರವಾಗಿ ಕೈ ಆಡಿಸಿ, "ಇದು ಬೆಸ್ಟ್ ಅದರಿ" ಎಂದು ತೀರ್ಪು ಕೊಟ್ಟು, ಕಾಗದ ನೋಡುವುದನ್ನೇ ಮರೆತು ಕಳಿಸಿಕೊಟ್ಟ.

ಸಿಸ್ಟರ್ ಔರಾದದ ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಮನೆ ಬೀದರಿನಲ್ಲಿ. ನಾನು ಔರಾದದ ಶಾಲೆಯ ಟೀಚರು, ನನ್ನ ಮನೆಯೂ ಬೀದರಿನಲ್ಲೇ. ಔರಾದಕ್ಕೆ ರೈಲಿಲ್ಲ. ಬಸ್ಸಿದೆ, ಆದರೆ ಅದರಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೋಗುವ ತಪಸ್ಸು ನನ್ನಿಂದ ಆಗದು. ಹಾಗಾಗಿ ನಾನೂ ಅಲ್ಲಿನ ಅಂಚೆ ಕಚೇರಿಯ ರೇಷ್ಮಾಳೂ ಸಿಸ್ಟರ್ ಕಾರಿನ ಕಾಯಂ ಪ್ರಯಾಣಿಕರಾದೆವು. ಕಾರುಗಳ ವಿಷಯದಲ್ಲಿ ನನಗಿದ್ದ ಆಸಕ್ತಿ ಕೂರಲು ಜಾಗ ಸಿಗುತ್ತದೋ ಇಲ್ಲವೋ ಎಂಬಷ್ಟೇ. ಅಂಥವಳನ್ನು ದಿನಾ ಬೆಳಿಗ್ಗೆ ಬಾನೆಟ್ಟಿನ ಮುಂದೆ ನಿಲ್ಲಿಸಿ, "ಟೀಚರ್, ಫರಕ್ ಕಾಣ್ಲಾಕತ್ತದೇನು?" ಎಂದು ಕೇಳಿದ ಪುಣ್ಯಾತ್ಗಿತ್ತಿ ಇವರು.

ಗಿಡ್ಡ ಆಳು, ಬಿಗಿಯಾಗಿ ಕಟ್ಟಿದ ತುರುಬು, ಚುರುಕು ನಡಿಗೆ. ಮದುವೆ ಮಾಡಿಕೊಂಡವರಲ್ಲ. ಏನು ಕಂಡರೂ "ಯಾಕ?" ಎನ್ನುವುದು ಅವರ ಸ್ವಭಾವ. ಮಾಂಜ್ರಾ ಸೇತುವೆಯ ಮೇಲೆ ಕಾರು ನಿಲ್ಲಿಸಿ, ಈ ದಡದ ನೀರು ರಾಡಿ, ಆ ದಡದ್ದು ತಿಳಿ, ಅದು ಯಾಕೆಂದು ನೋಡುತ್ತ ನಿಂತು ನನ್ನ ಪ್ರಾರ್ಥನೆಯ ಗಂಟೆ ತಪ್ಪಿಸಿದ್ದರು. "ಅದನ್ನ ತಿಳಕೊಂಡು ಏನ್ ಮಾಡ್ತೀರಿ ಸಿಸ್ಟರ್?" ಎಂದು ಸಿಡುಕಿದೆ. "ಏನೂ ಮಾಡಲ್ಲರಿ. ಗೊತ್ತಾಗಬೇಕಲ್ಲ?" ಎಂದರು. ಗೊತ್ತಾಗಬೇಕಲ್ಲ ಎನ್ನುವಾಗ ಅವರ ಮುಖ ಹಸಿದವರ ಮುಂದೆ ತಟ್ಟೆ ಇಟ್ಟಂತಾಗುತ್ತಿತ್ತು.

ಕಾರು ಭಾಲ್ಕಿಯಿಂದ ಬಂದದ್ದು. ಅಲ್ಲಿ ಅವರ ತಮ್ಮ ಕಾಶಿನಾಥ ಕಾಳುಕಡಿಯ ಅಡತಿ ವ್ಯಾಪಾರಿ. ಅವನ ಪರಿಚಯದವರ ಅಂಗಳದಲ್ಲಿ ಬಿಸಿಲಿಗೆ ಒಣಗುತ್ತ ನಿಂತಿದ್ದ ಹಳೆಯ ಕೆಂಪು ಕಾರನ್ನು ಸಿಸ್ಟರ್ ಕೊಂಡರು. ಎಂಜಿನ್ ಚೆನ್ನಾಗಿತ್ತು, ಬಣ್ಣ ಮಾತ್ರ ಸುಣ್ಣ ಬಡಿದಂತೆ. ಒರೆಸಿದರೆ ಅಂಗೈ ಕೆಂಪಾಗುತ್ತಿತ್ತು. "ಅಕ್ಕಾ, ಬಣ್ಣ ಬಿಡ್ಲಾಕತ್ತದ. ಪೂರಾ ಹೊಸಾದು ಹೊಡಿಸಿಬಿಡು" ಎಂದ ತಮ್ಮ. ಸಿಸ್ಟರ್ ಒಪ್ಪಲಿಲ್ಲ. "ಕೆಳಗ ಜೀವಂತ ಬಣ್ಣ ಅದನೋ ಇಲ್ಲೋ ನೋಡ್ದೇ ಹ್ಯಾಂಗ ಹೊಡಸ್ಲಿ?"

ಅಲ್ಲಿಂದ ಶುರುವಾಯಿತು. ಬಣ್ಣದ ಮೇಲಿನ ಸತ್ತ ಪದರವನ್ನು ಉಜ್ಜಿ ತೆಗೆಯುವ ಕ್ಲೀನರ್ ಒಂದು ಡಬ್ಬಿ, ಉಜ್ಜಿದ ಮೇಲೆ ಹಚ್ಚುವ ಮೇಣ ಒಂದು ಡಬ್ಬಿ, ಅದೇ ಕೆಲಸಕ್ಕೆ ಸೀಲಂಟ್ ಎಂಬ ನೀರಿನಂಥದು ಒಂದು ಬಾಟಲಿ. ಒಬ್ಬ ಅಂಗಡಿಯವ ಮೇಣ ಸಾಕು ಎಂದನಂತೆ, ಇನ್ನೊಬ್ಬ ಸೀಲಂಟ್ ಒಂದೇ ಸಾಕು, ಉಜ್ಜುವುದೇ ಬೇಡ ಎಂದನಂತೆ. ಸಿಸ್ಟರಿಗೆ ಎರಡನೆಯವನ ಮೇಲೆ ಸಿಟ್ಟು ಬಂದಿತ್ತು. "ಗಾಯ ತೊಳೀಲಾರದೇ ಪಟ್ಟಿ ಕಟ್ಟು ಅಂತಾನರಿ ಅಂವ. ಒಳಗ ಕೀವು ಇಟ್ಟು ಮ್ಯಾಲ ಚಂದ ಕಟ್ಟಿದ್ರ ಏನಾಗ್ತದ?" ಹಾಗೆಂದು ಬಾನೆಟ್ಟನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲೀನರಿನಿಂದ ಉಜ್ಜಿದರು. ಒಂದಕ್ಕೆ ಮೇಣ, ಒಂದಕ್ಕೆ ಸೀಲಂಟ್. ನಾಲ್ಕನೆಯದನ್ನು ಮುಟ್ಟಲೇ ಇಲ್ಲ. ನೋಡಲು ಅಸಹ್ಯವಾಗಿದೆ, ಅದನ್ನೂ ಉಜ್ಜಿಬಿಡಿ ಎಂದೆ. "ಒಂದು ಹಾಗೇ ಇರಬೇಕ್ರಿ ಟೀಚರ್. ಇಲ್ಲಂದ್ರ ಉಳದದ್ದು ಎಷ್ಟು ಸುಧಾರಿಸ್ಯಾದ ಅಂತ ಯಾವುದರ ಜೋಡಿ ಹಚ್ಚಿ ನೋಡೋದು? ಒಂದು ಬ್ಯಾಸಿಗಿ, ಒಂದು ಮಳಿಗಾಲ ದಾಟಲಿ. ಆಮ್ಯಾಲ ಗೆದ್ದದ್ದನ್ನ ಇಡೀ ಕಾರಿಗಿ ಹಚ್ಚೋಣಂತ."

ಮೂರನೆಯ ಭಾಗಕ್ಕೆ ಏನು ಹಚ್ಚುವುದೆಂಬ ಸಲಹೆ ರೇಷ್ಮಾಳದು. ಅವಳ ತಂದೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದವರು. "ನಮ್ಮ ಅಬ್ಬಾ ಬಿದ್ರಿ ಸಾಮಾನಿಗಿ ಕಡೀಕ ಕೊಬ್ಬರಿ ಎಣ್ಣಿ ತಿಕ್ತಾರರಿ. ಕಪ್ಪು ಎಷ್ಟು ಎದ್ದು ಕಾಣ್ತದ ಅಂತೀರಿ! ಇದಕ್ಕೂ ತಿಕ್ಕಿ ನೋಡ್ರಿ." ಹೊಸ ಸ್ಪರ್ಧಿ ಸಿಕ್ಕ ಖುಷಿಗೆ ಸಿಸ್ಟರ್ ಮರುದಿನವೇ ತಿಕ್ಕಿದರು. ನಿಜ ಹೇಳುತ್ತೇನೆ, ಆ ಬೆಳಿಗ್ಗೆ ಮೇಣವೂ ಇಲ್ಲ, ಸೀಲಂಟೂ ಇಲ್ಲ, ಎಣ್ಣೆಯ ಮುಂದೆ ಎಲ್ಲ ಮಂಕು. ನಾನು ಕನ್ನಡಿ ನೋಡಿದಂತೆ ಮುಖ ನೋಡಿಕೊಂಡು, "ಇದೇ ಗೆದ್ದದ, ಇನ್ನ ಪರೀಕ್ಷಾ ಬಂದ್ ಮಾಡ್ರಿ" ಎಂದು ಘೋಷಿಸಿದೆ. ಸಂಜೆ ಬರುವಾಗ ಸಿಸ್ಟರಿಗೆ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ತೊಗರಿಬೇಳೆ ಕೊಳ್ಳುವುದಿತ್ತು. ಲಾರಿಗೆ ಚೀಲ ಏರಿಸುತ್ತಿದ್ದರು, ಗಂಜಿನ ತುಂಬ ಹೊಟ್ಟು ಹಾರುತ್ತಿತ್ತು. ಬೇಳೆ ಕಟ್ಟಿಸಿಕೊಂಡು ಬಂದು ನೋಡಿದರೆ ಎಣ್ಣೆ ಹಚ್ಚಿದ ಭಾಗಕ್ಕೆ ಕರಡಿಯ ಮೈಯಂತೆ ಕೂದಲು ಬಂದಿದೆ! ಹಮಾಲರು ಕೆಲಸ ಬಿಟ್ಟು ನಕ್ಕರು. ರೇಷ್ಮಾ ಮುಖ ಮುಚ್ಚಿಕೊಂಡು, "ಬಿದ್ರಿ ಹೂಜಿ ಅಲಮಾರಿನಾಗ ಇರ್ತದರಿ, ಗಂಜಿಗಿ ಎಲ್ಲಿ ಬರ್ತದ" ಎಂದಳು. ಸಿಸ್ಟರ್ ಮಾತ್ರ ನಗಲಿಲ್ಲ. ಬಗ್ಗಿ ಹೊಟ್ಟನ್ನು ಬೆರಳಿನಿಂದ ಗೀರಿ, ಪಕ್ಕದ ಸೀಲಂಟಿನ ಭಾಗವನ್ನು ಊದಿ ನೋಡಿದರು. ಹೊಟ್ಟು ಅಲ್ಲಿಂದ ಹಾರಿಹೋಯಿತು. "ನೋಡ್ರಿ, ಇವತ್ತು ಎಷ್ಟು ಗೊತ್ತಾಯ್ತು!" ಎಂದರು ಸಂಭ್ರಮದಿಂದ. ಮನೆಗೆ ಹೋಗಿ ಎಣ್ಣೆಯನ್ನು ಸೋಪಿನಿಂದ ತೊಳೆದು, ಆ ಭಾಗವನ್ನು ಬರೀ ಉಜ್ಜಿದ್ದೆಂದು ಬಿಟ್ಟರು.

ಆಮೇಲೆ ದಿನಾ ಬೆಳಿಗ್ಗೆ ಒಂದು ಲೋಟ ನೀರು ಸುರಿಯುವುದು, ನೋಡುವುದು. ಮೇಣ ಹಚ್ಚಿದಲ್ಲಿ ನೀರು ದುಂಡು ದುಂಡು ಹನಿಯಾಗಿ ನಿಲ್ಲುತ್ತಿತ್ತು. ಏನೂ ಹಚ್ಚದಲ್ಲಿ ಚಪ್ಪಟೆಯಾಗಿ ಹರಡುತ್ತಿತ್ತು. ಬೀದರಿನ ಬಿಸಿಲು ಏರತೊಡಗಿದಂತೆ ಮೇಣದ ಹನಿಗಳು ಸೋತವು, ಸೀಲಂಟಿನವು ಹಾಗೇ ಇದ್ದವು. ಬೇಡ ಬೇಡವೆನ್ನುತ್ತ ನನಗೂ ಹುಚ್ಚು ಹಿಡಿಯಿತು. ರಜೆಯ ದಿನವೂ ಫೋನು ಮಾಡಿ, "ಸಿಸ್ಟರ್, ಇವತ್ತು ಹನಿ ಹ್ಯಾಂಗ ನಿಂತಾವ?" ಎಂದು ಕೇಳುತ್ತಿದ್ದೆ. ಮಳೆಗಾಲದಲ್ಲಿ ಏನಾಗುತ್ತದೋ ಎಂದು ಮೂವರೂ ಕಾಯುತ್ತಿದ್ದೆವು.

ಅಷ್ಟರಲ್ಲಿ ಪಲ್ಲವಿಯ ಮದುವೆ ಗೊತ್ತಾಯಿತು. ಪಲ್ಲವಿ ಕಾಶಿನಾಥನ ಮಗಳು. ಕಾಲೇಜಿಗೆಂದು ಬೀದರಿಗೆ ಬಂದವಳು ಸಿಸ್ಟರ್ ಮನೆಯಲ್ಲೇ ಇದ್ದು ಓದಿದ್ದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವವರು, ಒಂದೇ ಸಮ ಜಗಳವಾಡುವವರು. ವರ ಕಮಲನಗರದವನು. ನಿಶ್ಚಯದ ದಿನವೇ ಅವಳು ಎಲ್ಲರೆದುರು, "ಗಂಡನ ಮನಿಗಿ ನಾ ಅತ್ತಿ ಕಾರಿನಾಗೇ ಹೋಗ್ತೇನಿ" ಎಂದುಬಿಟ್ಟಳು. ಸಿಸ್ಟರ್ ಆ ಮಾತನ್ನು ಎಷ್ಟು ಸಲ ನಮಗೆ ಹೇಳಿದರೋ. ಹೆತ್ತಿಲ್ಲ, ಹೊತ್ತಿಲ್ಲ, ಈ ಒಂದು ಹುಡುಗಿಯನ್ನು ತನ್ನ ಕೈಯಾರೆ ಗಂಡನ ಮನೆ ಮುಟ್ಟಿಸಬೇಕೆಂಬ ಆಸೆ ಅವರ ದನಿಯಲ್ಲೇ ಕೇಳುತ್ತಿತ್ತು. ಕಾಶಿನಾಥ ಮಾತ್ರ, "ಆ ತ್ಯಾಪಿ ಹಚ್ಚಿದ ಕಾರಿನಾಗ ಮದುಮಗಳನ್ನ ಕಳಿಸಿದ್ರ ಬೀಗರು ಏನಂದಾರು?" ಎಂದ.

ಮದುವೆ ಬೇಸಿಗೆ ರಜೆಯಲ್ಲಿ, ಪರೀಕ್ಷೆ ಮುಗಿಯಬೇಕಾದದ್ದು ಮಳೆಗಾಲದ ಕೊನೆಗೆ. ಸಿಸ್ಟರ್ ಹಲವು ದಿನ ಆ ಬಿಳಿಚಿದ ಭಾಗದ ಸುತ್ತ ಸುಳಿದಾಡಿದರು. "ಹೂವಿನ ಜಾಳಿಗಿ ಹೊಚ್ಚಿದ್ರ ಕಾಣಲ್ಲರಿ" ಎಂದು ರೇಷ್ಮಾ ಉಪಾಯ ಹೇಳಿದಳು. "ಗಾಳಿಗಿ ಹಾರಿದ್ರ?" ಎಂದರು ಸಿಸ್ಟರ್. ಶಾಲೆಗೆ ರಜೆ ಬೀಳುವ ದಿನ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದಾಗ, ಅವರು ಬೇವಿನ ನೆರಳಿನಲ್ಲಿ ಟೇಪುಗಳನ್ನು ಕಿತ್ತು ಉಂಡೆ ಮಾಡುತ್ತಿದ್ದರು. ಆಮೇಲೆ ಕ್ಲೀನರ್ ಸುರಿದು, ಯಾವತ್ತೂ ಮುಟ್ಟದ ಆ ಭಾಗವನ್ನು ಉಜ್ಜತೊಡಗಿದರು. ಬಟ್ಟೆ ಗುಲಾಬಿಯಾಯಿತು, ಕೆಳಗಿನಿಂದ ಕೆಂಪು ಎದ್ದಿತು.

"ಸಿಸ್ಟರ್, ಇನ್ನ ಹ್ಯಾಂಗ ಗೊತ್ತಾಗ್ತದರಿ?"

"ಗೊತ್ತಾಗಲ್ಲರಿ" ಎಂದರು, ಕೈ ನಿಲ್ಲಿಸದೆ. "ಗೊತ್ತಾಗದಿದ್ರ ಇಲ್ಲ. ಹುಡುಗಿ ಕೇಳ್ಯಾಳ."

ಇಡೀ ಕಾರನ್ನು ಉಜ್ಜಿ, ಸೀಲಂಟ್ ಹಚ್ಚಿ ಒಂದೇ ಕೆಂಪು ಮಾಡಿದರು. ಮದುವೆಯ ದಿನ ಭಾಲ್ಕಿಯ ಮಂಟಪದ ಮುಂದೆ ಅದನ್ನು ನಿಲ್ಲಿಸಿದಾಗ ಹೊಸ ಬಳೆಯ ಹಾಗೆ ಹೊಳೆಯುತ್ತಿತ್ತು. ಆದರೆ ಅದರ ಪಕ್ಕದಲ್ಲೇ ದೊಡ್ಡ ಬಿಳಿ ಕಾರೊಂದು ಮೈತುಂಬ ಗುಲಾಬಿ ಕಟ್ಟಿಕೊಂಡು ನಿಂತಿತ್ತು. ಕಾಶಿನಾಥ ಬಾಡಿಗೆಗೆ ಗೊತ್ತು ಮಾಡಿದ್ದ. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ.

"ಅಕ್ಕಾ, ನಿಂದು ಹಿಂದ ಬರ್ಲಿ. ಭಾಂಡಿ, ಹಾಸಿಗಿ ಅದರಾಗ ಇಡೋಣ" ಎಂದ.

ನನ್ನ ಮೈ ಉರಿದುಹೋಯಿತು. ಅಲ್ಲೇ ನಾಲ್ಕು ಮಾತು ಆಡಿಬಿಡುತ್ತಿದ್ದೆ, ಸಿಸ್ಟರ್ ನನ್ನ ಮುಂಗೈ ಹಿಡಿದರು. ಬಿಳಿ ಕಾರಿನ ಹತ್ತಿರ ಹೋಗಿ, ಗುಲಾಬಿಗಳ ಸಂದಿಯಲ್ಲಿ ಬೆರಳು ಆಡಿಸಿ, ಡ್ರೈವರನನ್ನು ಕೇಳಿದರು. "ಏನು ಹಚ್ಚೀರಪಾ ಇದಕ್ಕ?"

"ಏನೂ ಹಚ್ಚಿಲ್ಲರಿ ಅಕ್ಕಾರ. ಹೊಸಾ ಗಾಡಿ."

"ಹಂಗೇನು" ಎಂದು ತಿರುಗಿ ಬಂದರು. "ನಿಮಗ ಸಿಟ್ಟು ಬರಲ್ಲೇನ್ರಿ?" ಎಂದು ಕೇಳಿದೆ. "ಬಂದದರಿ. ಬಹಳ ಬಂದದ. ಆದ್ರ ಇವತ್ತು ಆಕಿ ನನ್ನ ಮುಖ ನೋಡ್ಕೋತ ಹೋಗ್ತಾಳ, ಅದಕ್ಕ ನಗಬೇಕು" ಎಂದರು. ಪಲ್ಲವಿ ಅಳುತ್ತ ಬಿಳಿ ಕಾರು ಹತ್ತಿದಳು. ಹೊಸ ಸೊಸೆ ಏನು ಹೇಳಿಯಾಳು? ನಾವು ತಾಮ್ರದ ಕೊಡ, ಗಾದಿ, ತಲೆದಿಂಬುಗಳ ಜೊತೆ ಕಮಲನಗರದ ತನಕ ಅದರ ಧೂಳು ತಿನ್ನುತ್ತ ಹೋದೆವು.

ನಮ್ಮ ಕಡೆ ಮದುವೆಯಾದ ಕೆಲವು ದಿನಕ್ಕೆ ಮಗಳನ್ನು ತವರಿಗೆ ಕರೆತರುತ್ತಾರೆ. ಕರೆಯಲು ಹೆಣ್ಣುಮಕ್ಕಳು ಹೋಗಬೇಕು, ಒಬ್ಬಳೇ ಹೋಗಬಾರದು. ಬಾಡಿಗೆಯ ಕಾರು ಒಂದು ದಿನದ್ದು, ಅದು ಎಂದೋ ಹೊರಟುಹೋಗಿತ್ತು. ಪಲ್ಲವಿಯೇ ಫೋನು ಮಾಡಿ, "ಅತ್ತಿ, ನೀನೇ ಬಾ" ಎಂದಳಂತೆ. "ಜೋಡಿ ಬರ್ರಿ ಟೀಚರ್" ಎಂದು ಸಿಸ್ಟರ್ ಕರೆದರು, ಹೋದೆ. ಅದೇ ಅವರ ಜೊತೆ ನಾನು ಮಾಡಿದ ಕೊನೆಯ ಪಯಣ. ಆ ತಿಂಗಳ ಕೊನೆಗೆ ಅವರು ನಿವೃತ್ತರಾಗಿ ಭಾಲ್ಕಿಗೆ ಹೋದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಎದೆನೋವು ಬಂತಂತೆ, ಬೀದರಿನ ಆಸ್ಪತ್ರೆ ಮುಟ್ಟಲಿಲ್ಲವಂತೆ. ಸುದ್ದಿ ಬಂದಾಗ ನಾನು ಔರಾದದ ಬಸ್ಸಿನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ರೇಷ್ಮಾಳ ಭುಜಕ್ಕೆ ತಲೆ ಕೊಟ್ಟು ಎಲ್ಲರೆದುರೇ ಅತ್ತೆ. ಇಂದಿಗೂ ಏನಾದರೂ ವಿಚಿತ್ರ ಕಂಡರೆ ಮೊದಲು ಅವರಿಗೆ ಹೇಳಬೇಕೆನ್ನಿಸುತ್ತದೆ.

ಪಲ್ಲವಿಯನ್ನು ಕರೆಯಲು ಹೋದ ಆ ದಿನ ಕಮಲನಗರದಲ್ಲಿ ಅವಳ ಗಂಡನ ತಾಯಿ ನಮಗೆಲ್ಲ ಉಡಿ ತುಂಬಿ, ಮರಾಠಿಯಲ್ಲಿ ಹರಸಿ ಕಳಿಸಿದರು. ಅಳಿಯ ಸಂಜೆ ಬೈಕಿನ ಮೇಲೆ ಬರುವವನಿದ್ದ. ಪಲ್ಲವಿ ಹಿಂದೆ ಕೂತಳು. ಊರು ದಾಟುವ ತನಕ ಮೂವರೂ ಅದೂ ಇದೂ ಮಾತಾಡಿದೆವು. ಆಮೇಲೆ ಅವಳು ಮುಂದಕ್ಕೆ ಬಾಗಿ ಸಿಸ್ಟರ್ ಸೀಟಿನ ಮೇಲೆ ಗದ್ದ ಇಟ್ಟಳು.

"ಅತ್ತಿ, ಆವತ್ತು ಆ ದೊಡ್ಡ ಕಾರಿನಾಗ ನಾ ಮುಂದ ನೋಡ್ಲೇ ಇಲ್ಲ. ಹಾದಿ ತುಂಬಾ ಹಿಂದ ತಿರುಗಿ ನಿನ್ನ ಕಾರೇ ನೋಡ್ಕೋತ ಹೋದೆ. ಕತ್ತು ನೋಯ್ತದ ಅಂತ ಅವರು ಅಂದ್ರೂ ಕೇಳಲಿಲ್ಲ."

ಕೇಳದೆ ಇರುವುದು ಸಿಸ್ಟರಿಂದ ಸಾಧ್ಯವಿರಲಿಲ್ಲ.

"ಹ್ಯಾಂಗ ಕಾಣ್ತಿತ್ತು?"

"ಕೆಂಪಗ, ಅತ್ತಿ. ಅಷ್ಟು ಧೂಳಿನಾಗೂ ಕೆಂಪಗ. ಎಷ್ಟು ದೂರ ಇದ್ರೂ ನೀ ಬರ್ಲಾಕತ್ತಿ ಅಂತ ಗೊತ್ತಾಗ್ತಿತ್ತು."

ಸಿಸ್ಟರ್ ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದರು. ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡು, "ಜರಾ ತಡೀರಿ ಟೀಚರ್" ಎಂದರು, "ನನಗ ರಸ್ತಾ ಕಾಣವಲ್ದು."