ಕಲ್ಲಿನ ಮೇಲೆ 'ಬಸವರಾಜ್ ಕೆ.'

ಮೇ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್ ಬಿಟ್ಟೆವು. ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಮೋಡ, ತಣ್ಣನೆಯ ಗಾಳಿ. ಕಾರು ನನ್ನದು, ಡ್ರೈವ್ ಮಾಡುವವಳೂ ನಾನೇ. ಪಕ್ಕದ ಸೀಟಿನಲ್ಲಿ ಬಸವರಾಜ ಅಂಕಲ್, ಹಿಂದೆ ಶಕುಂತಲಾ ಆಂಟಿ, ಅವರ ಪಕ್ಕದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿಗಳ ಚೀಲ. ಅಂಕಲ್ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಣ್ಣಿನ ಆಪರೇಷನ್ ಆದ ಮೇಲೆ ಹೈವೇಗೆ ಇಳಿಯುವುದಿಲ್ಲ. ಅವರೂ ನಾನೂ ಒಂದೇ ಬಡಾವಣೆಯವರು, ಒಂದೇ ಸೀಮೆಯವರು. ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಮೊದಲು ಬಿಸಿ ರೊಟ್ಟಿ ಹಾಕಿದ್ದು ಆಂಟಿ. ಅವರು 'ಬರ್ತಿಯೇನು' ಎಂದು ಕೇಳಿದ ಮೇಲೆ ಬೇರೆ ಮಾತಿರಲಿಲ್ಲ.

ನಾವು ಹೊರಟಿದ್ದು ಷಿಕಾಗೋದ ಪಶ್ಚಿಮಕ್ಕೆ, ಅರೋರಾ ದಾಟಿ ಇನ್ನೂ ನಲವತ್ತು ಮೈಲಿ ಆಚೆ ಮೆಕ್ಕೆಜೋಳದ ಹೊಲಗಳ ನಡುವೆ ಇರುವ ಒಂದು ಸಣ್ಣ ಊರಿಗೆ. ಅವರ ಒಬ್ಬನೇ ಮಗ ಕಿರಣ ಆ ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಮೀಸಲು ಪಡೆಗೂ ಸೇರಿದ್ದರಿಂದ ತಿಂಗಳಿಗೊಂದು ವಾರಾಂತ್ಯ ಸೈನಿಕನ ಸಮವಸ್ತ್ರ ಹಾಕುತ್ತಿದ್ದ. ಕರೆ ಬಂದಾಗ ಅಫ್ಘಾನಿಸ್ತಾನಕ್ಕೆ ಹೋದ, ತಿರುಗಿ ಬರಲಿಲ್ಲ. ಅದಾಗಿ ವರ್ಷಗಳೇ ಕಳೆದಿವೆ. ಊರಿನವರು ಈಗ ಅವನ ಹೆಸರನ್ನು ತಮ್ಮ ಯುದ್ಧ ಸ್ಮಾರಕಕ್ಕೆ ಸೇರಿಸಿದ್ದರು. ಸೋಮವಾರ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಮೆಮೋರಿಯಲ್ ಡೇ ದಿನ, ಕಲ್ಲಿನ ಮೇಲಿನ ಪ್ರತಿ ಹೆಸರನ್ನೂ ಆಯಾ ಮನೆಯವರು ಮೈಕಿನಲ್ಲಿ ಓದುವುದು ಅಲ್ಲಿಯ ಪದ್ಧತಿ. ಕಿರಣನ ಹೆಸರನ್ನು ಯಾರು ಓದುತ್ತೀರಿ ಎಂದು ಕೇಳಿದ್ದಕ್ಕೆ ಅಂಕಲ್ 'ಅವನ ತಾಯಿ' ಎಂದು ಉತ್ತರ ಬರೆದಿದ್ದರು.

ಮಗ ಅಲ್ಲಿ ಇದ್ದಷ್ಟು ಕಾಲ ಇಬ್ಬರೂ ಆ ಊರನ್ನು ನೋಡಿರಲಿಲ್ಲ. ಪ್ರತಿ ರಜೆಗೂ ಅವನೇ ಬರುತ್ತಿದ್ದ. 'ಮುಂದಿನ ಬ್ಯಾಸಿಗ್ಗೆ ನಾವs ಬರ್ತೀವಿ' ಎಂದು ಇವರು ಹೇಳುತ್ತಲೇ ಇದ್ದರಂತೆ.

ಜಾಕ್ಸನ್ ದಾಟಿದ ಮೇಲೆ ಹೈವೇ ಬಿಟ್ಟು ಒಂದು ಎಕ್ಸಿಟ್ ತೆಗೆದುಕೊಂಡೆ. ಕಾಫಿಗೆ ಅನ್ನುವುದು ನೆಪ. ಸಣ್ಣ ಊರುಗಳ ಸ್ಮಾರಕ ಓದುವುದು ನನ್ನ ಹಳೆಯ ಚಟ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಅಪ್ಪ ರಾಣೆಬೆನ್ನೂರು ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದ, ಅವ್ವ ಹೆಬ್ಬೆಟ್ಟು. ಬೀದಿ ದೀಪದ ಕೆಳಗೆ ಕೂತು ಗಳಿಸಿದ ಅಕ್ಷರ ಇದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಗಾಗಿ ಎಲ್ಲಿ ಅಕ್ಷರ ಕಂಡರೂ ಓದದೆ ಮುಂದೆ ಹೋಗಲಾರೆ. ಸ್ಕಾಲರ್‌ಶಿಪ್ಪಿನಲ್ಲಿ ಇಂಗ್ಲೆಂಡಿಗೆ ಓದಲು ಹೋದ ವರ್ಷ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹಳ್ಳಿಗಳಲ್ಲಿ ಇಳಿಯುತ್ತಿದ್ದೆ. ಅಲ್ಲಿ ಚರ್ಚಿನ ಮುಂದೋ ಕೂಡುರಸ್ತೆಯಲ್ಲೋ ಒಂದು ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಎರಡು ಮಹಾಯುದ್ಧಗಳಲ್ಲಿ ಸತ್ತ ಆ ಊರಿನ ಹುಡುಗರ ಹೆಸರು ಇದ್ದೇ ಇರುತ್ತದೆ. ಕೆಲವು ಹಳ್ಳಿಗಳಲ್ಲಿ ಕಣ್ಣಿಗೆ ಬೀಳುವ ಮನೆಗಳಿಗಿಂತ ಹೆಸರುಗಳೇ ಹೆಚ್ಚು. ಒಂದೇ ಮನೆತನದ ಹೆಸರು ಒಂದರ ಕೆಳಗೊಂದು ಮೂರು ಸಲ ಬಂದರೆ ಅಣ್ಣತಮ್ಮಂದಿರು ಎಂದು ತಿಳಿದುಕೊಳ್ಳಬೇಕು.

ಮಿಷಿಗನ್ನಿನ ಈ ಊರಿನಲ್ಲಿ ಕೋರ್ಟಿನ ಹುಲ್ಲುಹಾಸಿನ ಮೇಲೆ ಬಂದೂಕಿಗೆ ಒರಗಿ ನಿಂತ ಕಲ್ಲಿನ ಸಿಪಾಯಿ. ಸುತ್ತ ಹೊಸದಾಗಿ ನೆಟ್ಟ ಪುಟ್ಟ ಬಾವುಟಗಳು. ಆಂಟಿ ಸೆರಗು ಹೊದ್ದು ಇಳಿದು ಬಂದರು. ಓದು ಎಂದರು, ಒಂದಷ್ಟು ಹೆಸರು ಓದಿದೆ. ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರಿನ ಮೊದಲಕ್ಷರ ಮಾತ್ರ.

"ಜೆ ಅಂದ್ರ ಏನವಾ?"

"ಜಾನ್ ಇರಬಹುದು, ಜೇಮ್ಸ್ ಇರಬಹುದು. ಗೊತ್ತಾಗೋದಿಲ್ಲ ಆಂಟಿ."

"ಮತ್ತ ತಾಯಿ ಏನಂತ ಕರೀತಿದ್ಲು?"

ಅಂಕಲ್ ಆಗ ಜೇಬಿನಿಂದ ಫೋನ್ ತೆಗೆದು ಅವರ ಕೈಗೆ ಕೊಟ್ಟರು. ಕಿರಣನ ಊರಿನಿಂದ ಶುಕ್ರವಾರವೇ ಬಂದಿದ್ದ ಫೋಟೊ. ಇಷ್ಟು ಹೊತ್ತು ತೋರಿಸಿರಲಿಲ್ಲ. ಹಳೆಯ ಹೆಸರುಗಳ ಕೆಳಗೆ ಹೊಸದಾಗಿ ಕೆತ್ತಿದ ಒಂದು ಸಾಲು: ಬಸವರಾಜ್ ಕೆ.

ಆಂಟಿ ಬಹಳ ಹೊತ್ತು ನೋಡಿದರು. "ಇದು ನಿಮ್ಮ ಹೆಸರಲ್ಲೇನ್ರಿ?"

ಅಂಕಲ್ ಫೋನ್ ವಾಪಸು ತೆಗೆದುಕೊಂಡರು.

ಇದರ ಕಷ್ಟ ನಮ್ಮ ಕಡೆಯವರಿಗೆ ತಕ್ಷಣ ತಿಳಿಯುತ್ತದೆ. ಆಂಟಿ ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಂದ ಆಡಿದವರಲ್ಲ. ಆಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ಅತ್ತೆ ಹೇಳಿದ್ದನ್ನು ಅಮೆರಿಕಕ್ಕೂ ತಂದುಕೊಂಡಿದ್ದರು. ಡಾಕ್ಟರ ಹತ್ತಿರ ಕಾರ್ಡು ತೋರಿಸುತ್ತಾರೆ. ಬ್ಯಾಂಕಿನಲ್ಲಿ ಬರೆದುಕೊಡುತ್ತಾರೆ. ಕಿರಣ ಸಣ್ಣವನಿದ್ದಾಗ ಅವನನ್ನೇ ಮುಂದೆ ಮಾಡಿ 'ನಿಮ್ಮ ಪಪ್ಪನ ಹೆಸರು ಹೇಳೋ' ಅನ್ನುತ್ತಿದ್ದರು. ಅವನು ನಗುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಾಳೆ ಓದಬೇಕಾದ ಸಾಲಿನಲ್ಲಿ ಮಗನದು ಒಂದಕ್ಷರ, ಉಳಿದದ್ದೆಲ್ಲ ಗಂಡನ ಹೆಸರು. ಅದೂ ಸತ್ತವರ ಪಟ್ಟಿಯಲ್ಲಿ.

ಮತ್ತೆ ಕಾರು ಹತ್ತಿ ಕಲಮಜೂ ಊರು ದಾಟಿದೆವು. ಆಮೇಲೆ ಅಂಕಲ್ ತಾವಾಗಿ ಶುರು ಮಾಡಿದರು. ಅವರ ಮನೆತನದ ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಅದನ್ನು ಕೂಗಿ ಕೂಗಿ ನಕ್ಕರಂತೆ. ಅಲ್ಲಿಂದ ಮುಂದೆ ಅದನ್ನು ಎಲ್ಲಿಯೂ ಬರೆಯಲಿಲ್ಲ. ಮಗ ಹುಟ್ಟಿದಾಗ ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ ಲಾಸ್ಟ್ ನೇಮ್ ಕೇಳಿದರು. ತಮ್ಮ ಹೆಸರನ್ನೇ ಕೊಟ್ಟರು.

"ನನ್ನ ಹೆಸರು ಈ ದೇಶದಾಗ ಉಳೀಲಿ ಅಂತ ಆಸೆ ಇತ್ತು, ರೇಣುಕಾ," ಎಂದರು. "ಉಳೀತು ನೋಡು. ನಾ ಇನ್ನೂ ಉಸಿರಾಡಾಕತ್ತೀನಿ, ಆಗಲೇ ಕಲ್ಲಿನ್ಯಾಗ ಕೆತ್ಯಾರ. ಅಂವಂದs ಹೆಸರಿಲ್ಲ."

ಹಿಂದಿನಿಂದ ಆಂಟಿ, "ಉಳ್ಳಾಗಡ್ಡಿ ಅಂತ ಇದ್ದಿದ್ರ ಸಂತ್ಯಾಗ ಕೂಗಿಧಂಗ ಕೂಗಿ ಬರತಿದ್ದೆ," ಎಂದರು. ಅಂಕಲ್ ನಗಲು ನೋಡಿದರು, ಆಗಲಿಲ್ಲ.

ನಾನೂ ಸುಮ್ಮನಿರಲಾರದೆ ನಮ್ಮ ಹಳ್ಳಿಯ ಕಲ್ಲಿನ ಸಂಗತಿ ಹೇಳಿದೆ. ಚಾವಡಿಯ ಗೋಡೆಯಲ್ಲಿ ಬ್ರಿಟಿಷರು ಕೂರಿಸಿದ ಒಂದು ಫಲಕವಿದೆ. ಈ ಊರಿನಿಂದ ಮಹಾಯುದ್ಧಕ್ಕೆ ಹೋದವರು ಇಷ್ಟು ಜನ, ಪ್ರಾಣ ಕೊಟ್ಟವರು ನಾಲ್ಕು ಜನ. ಅಷ್ಟೇ. ತಮ್ಮ ಸ್ವಂತ ಹಳ್ಳಿಗಳಲ್ಲಿ ಒಬ್ಬೊಬ್ಬನ ಹೆಸರನ್ನೂ ಕೆತ್ತಿದವರು ನಮ್ಮ ಹಳ್ಳಿಯಲ್ಲಿ ಲೆಕ್ಕ ಮಾತ್ರ ಕೆತ್ತಿ ಹೋದರು. ಆ ನಾಲ್ವರಲ್ಲಿ ಒಬ್ಬ ನಮ್ಮ ಅಜ್ಜಿಯ ದೊಡ್ಡಪ್ಪ. ಅರಬ್ ದೇಶದ ಬಸರಾದ ಕಡೆ ಸತ್ತನಂತೆ. ಅವನ ಹೆಸರೇನೆಂದು ಮನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ. ಅಕ್ಷರ ಕಲಿತ ನಾನು ಕೇಳುವ ಹೊತ್ತಿಗೆ ಹೇಳಬಲ್ಲವರು ಉಳಿದಿರಲಿಲ್ಲ.

"ನಾಲ್ಕರಾಗ ಒಂದು," ಎಂದರು ಆಂಟಿ.

ಇಂಡಿಯಾನಾದಲ್ಲಿ ಟ್ರಕ್ಕುಗಳ ಸಾಲು, ಷಿಕಾಗೋ ಹತ್ತಿರ ಟೋಲ್ ಮೇಲೆ ಟೋಲ್. ಅಲ್ಲಿಯ ಸಮಯಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ಮಧ್ಯಾಹ್ನ ಡೌನರ್ಸ್ ಗ್ರೋವ್ ಸೇರಿದೆವು. ಹೋಟೆಲ್ ರೂಮಿನಲ್ಲೇ ರೊಟ್ಟಿ ತಿಂದೆವು. ಸಂಜೆ ಆಂಟಿ ಅರೋರಾದ ಬಾಲಾಜಿ ಗುಡಿಗೆ ಹೋಗೋಣ ಎಂದರು. ಇವರು ಮನೆಯಲ್ಲಿ ಲಿಂಗಪೂಜೆ ಮಾಡುವವರು. ಈ ಗುಡಿಗೆ ಬರುವ ರೂಢಿಯಿಲ್ಲ. ಅಂಕಲ್ ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಅರ್ಚನೆಯ ಸಾಲಿನಲ್ಲಿ ಭಟ್ಟರು ಯಾರ ಹೆಸರಿಗೆ ಎಂದು ಕೇಳಿದಾಗ ಆಂಟಿ ನನ್ನ ಮೊಳಕೈ ಹಿಡಿದು, "ಅವರ ಹೆಸರಿಗೆ. ನೀ ಹೇಳವಾ. ಆಯುಷ್ಯಕ್ಕ ಅಂತ ಹೇಳು," ಎಂದರು. ನಾನು ಹೇಳಿದೆ. ನಕ್ಷತ್ರವನ್ನು ಅವರೇ ಹೇಳಿದರು. ಭಟ್ಟರು ಮಂತ್ರದ ನಡುವೆ ಬಸವರಾಜ ಎಂದಾಗ ಆಂಟಿ ಕಣ್ಣು ಮುಚ್ಚಿಕೊಂಡಿದ್ದರು.

ಸೋಮವಾರ ಬಿಸಿಲು, ಎಪ್ಪತ್ತು ಡಿಗ್ರಿ. ಅರೋರಾ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಗೇಣುದ್ದದ ಮೆಕ್ಕೆಜೋಳದ ಸಸಿ, ದೂರದಲ್ಲಿ ಧಾನ್ಯದ ಕಣಜಗಳು. ಊರಿಗೆ ಒಂದೇ ದೊಡ್ಡ ರಸ್ತೆ. ಅಂಗಡಿ, ಬ್ಯಾಂಕು, ಚರ್ಚು, ಶಾಲೆ. ಶಾಲೆಯ ಮುಂದೆ ಅಂಕಲ್ ನಿಧಾನ ಮಾಡು ಎಂದರು. ನಿಲ್ಲಿಸಲೇ ಎಂದು ಕೇಳಿದೆ, ಬೇಡವೆಂದರು. ಬಾಗಿಲಿಗೆ ಬೀಗವಿತ್ತು.

ಸ್ಮಾರಕ ಪಾರ್ಕಿನ ನಡುವೆ ಇದೆ, ಆಳೆತ್ತರದ ಬೂದು ಗ್ರಾನೈಟು. ನೋಡಿಕೊಳ್ಳುವವರು ಹೆಲೆನ್ ಎಂಬ ಎಪ್ಪತ್ತು ದಾಟಿದ ಹೆಂಗಸು; ಅದೇ ಕಲ್ಲಿನ ಮೇಲೆ ವಿಯೆಟ್ನಾಮಿನಲ್ಲಿ ಸತ್ತ ಅವರ ಅಣ್ಣನ ಹೆಸರಿದೆ. ಅಂಕಲ್ ಮಗನ ಪೂರ್ತಿ ಹೆಸರು ಕೆತ್ತಿಸಲು ಆಗುತ್ತದೆಯೇ ಎಂದು ಕೇಳಿದರು. ಹೆಲೆನ್ ನಿಜಕ್ಕೂ ನೊಂದುಕೊಂಡರು. ನೂರು ವರ್ಷದಿಂದ ಎಲ್ಲರದೂ ಹೀಗೇ ಇದೆ, ಆ ಬದಿಯಲ್ಲಿ ಇನ್ನು ಜಾಗವೂ ಇಲ್ಲ ಎಂದರು. ಓದುವುದು ಮಾತ್ರ ನಿಮ್ಮಿಷ್ಟ, ಅಮ್ಮ ಹೇಗೆ ಓದಿದರೂ ಸರಿ ಎಂದರು.

ಅಂಕಲ್ ಅದನ್ನೇ ಹಿಡಿದುಕೊಂಡರು. "ಕಿರಣ ಅಂತ ಅಷ್ಟs ಅಂದು ಬಾ. ಸಾಕು."

"ಆ ಕಲ್ಲಿನ್ಯಾಗ ಕಿರಣ ಎಲ್ಲೆದಾನ್ರಿ?" ಎಂದರು ಆಂಟಿ. "ನಾ ಬರೇ ಕಿರಣ ಅಂದ್ರ ಇವರು ಯಾವ ಸಾಲು ನೋಡಬೇಕು?"

ನಾನು ಓದುತ್ತೇನೆ ಎಂದೆ. ಆಂಟಿ ನನ್ನ ಭುಜ ತಟ್ಟಿದರು, ಅಷ್ಟೇ.

ನೂರಿನ್ನೂರು ಜನ ಮಡಚುವ ಕುರ್ಚಿ ತಂದು ಕೂತಿದ್ದರು. ಒಂದೊಂದು ಹೆಸರಿಗೂ ಅಗ್ನಿಶಾಮಕ ದಳದ ಹಳೆಯ ಗಂಟೆಯನ್ನು ಒಂದು ಸಲ ಬಾರಿಸುತ್ತಾರೆ. ಹಳೆಯ ಯುದ್ಧಗಳ ಹೆಸರುಗಳನ್ನು ಮರಿಮಕ್ಕಳು ಓದಿದರು. ಹೆಲೆನ್ ತಮ್ಮ ಅಣ್ಣನದನ್ನು ಓದಿದರು. ಕೊನೆಗೆ ಆಂಟಿಯನ್ನು ಕರೆದರು. ನೀಲಿ ಇಳಕಲ್ ಸೀರೆ ಉಟ್ಟಿದ್ದರು. ಮೈಕು ಎತ್ತರವಾಯಿತೆಂದು ಯಾರೋ ತಗ್ಗಿಸಿಕೊಟ್ಟರು.

"ಕಿರಣ," ಎಂದರು.

ಗಂಟೆಯ ಹಗ್ಗ ಹಿಡಿದವನು ಅಡ್ಡಹೆಸರಿಗೆ ಕಾದ. ಆಂಟಿ ನಮ್ಮ ಕಡೆ ನೋಡಿದರು. ಅಂಕಲ್ ಬೇಡವೆಂದು ತಲೆ ಅಲ್ಲಾಡಿಸಿದರು. ಆಂಟಿ ಒಂದು ಕೈಯಲ್ಲಿ ತಾಳಿ ಹಿಡಿದುಕೊಂಡರು, ಇನ್ನೊಂದನ್ನು ಹಿಂದಕ್ಕೆ ಚಾಚಿ ಕಲ್ಲಿನ ಆ ಸಾಲಿನ ಮೇಲೆ ಇಟ್ಟರು.

"ಕಿರಣ ಬಸವರಾಜ."

ಗಂಟೆ ಮೊಳಗಿತು. ಅಂಕಲ್ ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ಕೂತಿದ್ದರು. ಆಮೇಲೆ ಒಬ್ಬ ತರುಣಿ ಬಂದು ಕಿರಣ ತನಗೆ ಆಲ್ಜೀಬ್ರಾ ಕಲಿಸಿದ್ದ ಎಂದಳು. ಅಂಕಲ್ ಅವಳನ್ನು ಅವನ ತರಗತಿಯ ಕಿಟಕಿ ಯಾವ ದಿಕ್ಕಿಗಿತ್ತು, ಮಧ್ಯಾಹ್ನ ಎಲ್ಲಿ ಊಟ ಮಾಡುತ್ತಿದ್ದ ಎಂದೆಲ್ಲ ಕೇಳಿದರು. ಅವಳಿಗೆ ತಿಳಿದಷ್ಟು ಹೇಳಿದಳು.

ಒಂದು ಗಂಟೆಗೆ ಹೊರಟೆವು. ಕನ್ನಡಿಯಲ್ಲಿ ಪಾರ್ಕಿನ ಮರಗಳು ಕಂಡವು, ಆಮೇಲೆ ನೀರಿನ ಟ್ಯಾಂಕು ಮಾತ್ರ, ಆಮೇಲೆ ಹೊಲ. ಅರೋರಾದ ಹತ್ತಿರ ಹೈವೇ ಹತ್ತಿದ ಮೇಲೆ ಅಂಕಲ್ ಹಿಂದಿನ ಸೀಟಿನ ಕಡೆ ತಿರುಗಿದರು.

"ಅಂತೂ ಇಷ್ಟು ವರ್ಷಕ್ಕ ನನ್ನ ಹೆಸರು ಹಿಡದು ಕರದಿ," ಎಂದರು. ಚೇಷ್ಟೆಯಂತೆ ಹೇಳಲು ನೋಡಿದ್ದರು.

ಆಂಟಿ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಕಾರು ಒಂದು ಟೋಲ್ ದಾಟಿತು.

"ನಾ ಕರದದ್ದು ನಿಮ್ಮನ್ನಲ್ಲರಿ," ಎಂದರು.

ಡೆಟ್ರಾಯಿಟ್ ಇನ್ನೂ ಐದು ಗಂಟೆಯ ದಾರಿ ಇತ್ತು.