ಕುತ್ತಿಗೆಗೆ ಹಚ್ಚಿದ ಎಣ್ಣೆ

ಸತ್ತವರು ಬದುಕಿರುವವರ ಉಸಾಬರಿಗೆ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಆಯುಷ್ಯವಿಡೀ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಅಷ್ಟಾದರೂ ಬೇಡವೇ? ಕೆಲವು ವರ್ಷಗಳ ಹಿಂದೆ, ವಾಮದಪದವಿನ ಸಮೀಪದ ನಮ್ಮ ಗದ್ದೆಯಲ್ಲಿ, ಹಾಡಹಗಲೇ ಆ ಅಭಿಪ್ರಾಯಕ್ಕೆ ಪೆಟ್ಟು ಬಿತ್ತು. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಗುವವರು ನಗಬಹುದು, ನನ್ನ ಹೆಂಡತಿ ಮಾತ್ರ ನಗುವುದಿಲ್ಲ.

ಮೊದಲು ಅಜ್ಜನ ವಿಷಯ ಹೇಳಬೇಕು. ಅವರಿಗೆ ಐವರು ಮಕ್ಕಳು, ಎರಡು ಕೋಣಗಳು; ಪ್ರೀತಿ ತುಸು ಕೋಣಗಳ ಕಡೆಗೇ ವಾಲಿತ್ತು. ನೊಗದ ಎಡಕ್ಕೆ ಬೊಳ್ಳ, ಬಲಕ್ಕೆ ಕಾಟಿ. ಅಜ್ಜ ಉಳುವಾಗ ಬೆತ್ತ ಎತ್ತಿದವರಲ್ಲ. ‘ಓ ಬೇಲೆ’ ಎಂದು ಎಳೆದೆಳೆದು ಹಾಡುವರು. ನಡುವೆ ಎಲೆಯಡಿಕೆ ಉಗುಳಲು ನಿಲ್ಲಿಸಿ, ಬಿಟ್ಟಲ್ಲಿಂದಲೇ ಮತ್ತೆ ಎತ್ತಿಕೊಳ್ಳುವರು. ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನ ಮೇಲೆ, ಕುಳಿತು ಕೇಳುತ್ತಿದ್ದ ನನಗೆ ಶಾಲೆಯ ಪ್ರಾರ್ಥನೆಯಲ್ಲೂ ಅಂಥ ಭಕ್ತಿ ಬಂದದ್ದಿಲ್ಲ. ಉಳುಮೆ ಪೂರ್ತಿ ಮುಗಿದ ದಿನ ಕೋಣಗಳನ್ನು ತೊಳೆದು ಮೇಯಲು ಬಿಡುವರು. ಮರುದಿನವೂ ನೊಗ ಹೊರಿಸುವುದಿದ್ದರೆ ಮಾತ್ರ ಕುತ್ತಿಗೆಗೆ ಎಳ್ಳೆಣ್ಣೆ ತಿಕ್ಕುವರು. ಹಟ್ಟಿಯಲ್ಲಿ ಆ ವಾಸನೆ ಎದ್ದರೆ ನಾಳೆ ದುಡಿಮೆ ಉಂಟೆಂದು ಕೋಣಗಳಿಗೂ ಗೊತ್ತಾಗುತ್ತಿತ್ತು.

ಅಜ್ಜ ಹೋದರು, ಕೋಣಗಳು ಹೋದವು, ಬಾಡಿಗೆಯ ಟಿಲ್ಲರ್ ಬಂತು. ಆ ವರ್ಷ ಸೌತೆ ಹಾಕಲು ಹೊರಟಾಗ ಕೆಡ್ಡಸ ಅಡ್ಡ ಬಂತು. ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗಿರುವ ದಿನಗಳು. ಆಗ ನಮ್ಮಲ್ಲಿ ಯಾರೂ ನೆಲ ಉಳುವುದಿಲ್ಲ. ಟಿಲ್ಲರ್ ತಂದು ಅಂಗಳದಲ್ಲಿಟ್ಟ ಕೃಷ್ಣಪ್ಪ, ಕೆಡ್ಡಸ ಕಳೆದೇ ಉಳುತ್ತೇನೆಂದ. ನಾನು ತಕರಾರು ತೆಗೆದೆ.

“ಮಾಸ್ಟ್ರೆ, ನಿಮ್ಮ ಶಾಲೆಗೆ ಎರಡು ತಿಂಗಳು ರಜೆ. ಭೂಮಿಗೆ ಮೂರು ದಿನ ಬೇಡ್ವಾ?”

“ರಜೆಯ ಅರ್ಜಿ ಕೊಟ್ಟದ್ದು ಉಂಟಾ?” ಎಂದು ಕೇಳಿ, ಊಟ ಮುಗಿಸಿ, ನಾನೇ ಟಿಲ್ಲರ್ ಹಿಡಿದು ಇಳಿದೆ.

ಒಂದೆರಡು ಸುತ್ತು ಸರಿಯಾಗಿಯೇ ಹೋಯಿತು. ಗದ್ದೆಯ ನಡುವೆ ಎಂಜಿನ್ ತಾನಾಗಿ ನಿಂತಿತು. ನೋಡಲು ಬಗ್ಗಿದೆ. ಹಿಂದಿನಿಂದ ‘ಓ ಬೇಲೆ’ ಕೇಳಿತು.

ತಿರುಗಬೇಕೆನ್ನುವಷ್ಟರಲ್ಲಿ ಭಾರವಾದದ್ದೇನೋ ಕುತ್ತಿಗೆಯ ಮೇಲೆ ಕೂತಿತು. ತಲೆ ಎತ್ತಲಾಗಲಿಲ್ಲ. ಸ್ವರ ನಡುವೆ ನಿಂತಿತು, ಉಗುಳಿದ ಸದ್ದಾಯಿತು, ಬಿಟ್ಟಲ್ಲಿಂದಲೇ ಮತ್ತೆ ಎದ್ದಿತು. ಎಡಗಡೆ ದೊಡ್ಡ ಪ್ರಾಣಿಯೊಂದು ಉಸಿರು ಬಿಟ್ಟಿತು. ಅದರ ಬಿಸಿ ಕೆನ್ನೆಗೆ ತಾಗಿತು. ಕಣ್ಣು ಹೊರಳಿಸಿದರೆ ಖಾಲಿ ಗದ್ದೆ, ಬಿಸಿಲು. ನನ್ನ ಕಾಲುಗಳು ನನ್ನನ್ನು ಕೇಳದೆ ನಡೆಯತೊಡಗಿದವು. ಕೂಗಲು ಬಾಯಿ ತೆರೆದರೆ ಬಂದದ್ದು ಏದುಸಿರು. ನಾನು ನೊಗದ ಬಲಕ್ಕೆ, ಕಾಟಿಯ ಜಾಗದಲ್ಲಿದ್ದೇನೆ ಎಂದು ಹೊಳೆಯಿತು. ಕೋಣ ತಾನಾಗಿ ನೊಗ ಇಳಿಸಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಹುಣಿಯಲ್ಲಿದ್ದ ಕೃಷ್ಣಪ್ಪನಿಗೆ ಕಂಡದ್ದು ಇಷ್ಟೇ: ಮೇಷ್ಟ್ರು ಟಿಲ್ಲರ್ ಬಿಟ್ಟು, ಬೆನ್ನು ಬಾಗಿಸಿ, ಒಬ್ಬರೇ ಗದ್ದೆಗೆ ಸುತ್ತು ಬರುತ್ತಿದ್ದಾರೆ. “ಎಂತ ಕಳ್ಕೊಂಡ್ರಿ ಮಾಸ್ಟ್ರೆ?” ಎಂದು ಕೇಳಿದನಂತೆ. ನನ್ನ ಬಾಯಿಯ ನೊರೆ ಕಂಡ ಮೇಲೆ ಓಡಿಬಂದು ತೋಳು ಹಿಡಿದು ಎಳೆದ. ಭಾರ ಇಳಿಯಿತು.

ಮನೆಯಲ್ಲಿ ಅಂಗಿ ಬಿಚ್ಚಿಸಿದ ಹೆಂಡತಿ ಬೆರಳಿಂದ ಮುಟ್ಟಿ ನೋಡಿದಳು. “ಇದೆಂತ ನಿಮ್ಮ ಕುತ್ತಿಗೆ? ಎಣ್ಣೆ ಯಾರು ಹಚ್ಚಿದ್ದು?”

ನೊಗದಗಲಕ್ಕೆ ಚರ್ಮ ಕೆಂಪಾಗಿ ತರಚಿತ್ತು. ಅದರ ಮೇಲೆ ಎಳ್ಳೆಣ್ಣೆ, ಚೆನ್ನಾಗಿ ತಿಕ್ಕಿದ್ದು. ನಮ್ಮ ಮನೆಯಲ್ಲಿರುವುದು ತೆಂಗಿನೆಣ್ಣೆ ಮಾತ್ರ.

ಬಂಟ್ವಾಳದ ಡಾಕ್ಟರು ಬಿಸಿಲು, ರಕ್ತದೊತ್ತಡ ಎಂದರು. ಒಪ್ಪಿದೆ, ವಿಜ್ಞಾನದ ಮೇಷ್ಟ್ರು ಒಪ್ಪಲೇಬೇಕು. ಎಣ್ಣೆಗೆ ಅವರಲ್ಲಿ ಮಾತ್ರೆ ಇರಲಿಲ್ಲ. ಕೆಡ್ಡಸದಲ್ಲಿ ಅಜ್ಜ ನೊಗ ಮುಟ್ಟಿದವರೇ ಅಲ್ಲ. ಸ್ವರ ಮಾತ್ರ ಅವರದೇ. ಇದು ನನಗೆ ಇಂದಿಗೂ ಬಗೆಹರಿದಿಲ್ಲ.

ಗದ್ದೆಯನ್ನು ಉಳದೆ, ಬಿತ್ತದೆ ಹಡಿಲು ಬಿಟ್ಟಿದ್ದೇನೆ. ಸಂಜೆ ಹಟ್ಟಿಯ ಕಡೆಯಿಂದ ಗಾಳಿ ಬೀಸಿದಾಗ, ಎಳ್ಳೆಣ್ಣೆಯ ವಾಸನೆ ಬರುತ್ತದಾ ಎಂದು ಹೆಂಡತಿಯನ್ನು ಕೇಳುತ್ತೇನೆ. ಇಲ್ಲ ಎನ್ನುತ್ತಾಳೆ. ಹಾಗೆಂದವಳೇ ಕಿಟಕಿ ಮುಚ್ಚುತ್ತಾಳೆ.